ಛತ್ರಿ ಬಂದ ಮೇಲೆ ಮುಂದಿನವರು

ಖಾಲಿ ಕುರ್ಚಿ ಕಂಡ ಕೂಡಲೇ ಕೂರಬಾರದು. ಈ ಮಾತನ್ನು ಹಿಂದಿನವರು ಯಾರೂ ಹೇಳಿಹೋಗಿಲ್ಲ. ಅವರಿಗೆಲ್ಲ ಕೂರಲು ಜಾಗವೂ ಇತ್ತು, ಪುರುಸೊತ್ತೂ ಇತ್ತು. ಹಾಗಾಗಿ ಇದನ್ನು ಲೋಕಕ್ಕೆ ತಿಳಿಸುವ ಹೊಣೆ ನನ್ನ ತಲೆಗೆ ಬಂದಿದೆ.

ನಾನು ಒಂದು ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಟೋಕನ್ ಕೊಡುವವಳು. ನನಗೊಂದು ಕುರ್ಚಿ ಕೊಟ್ಟಿದ್ದಾರೆ. ಆದರೆ ಕಿಟಕಿ ಎತ್ತರ, ಕುರ್ಚಿ ಕುಳ್ಳು. ಕೂತರೆ ರೋಗಿಗಳಿಗೆ ನನ್ನ ನೆತ್ತಿ ಮಾತ್ರ ಕಾಣುತ್ತದೆ. ನೆತ್ತಿಯ ಹತ್ತಿರ ಯಾರು ಕಾಯಿಲೆ ಹೇಳಿಕೊಳ್ಳುತ್ತಾರೆ? ಆದ್ದರಿಂದ ಹದಿನಾಲ್ಕು ವರ್ಷದಿಂದ ನಿಂತೇ ಕೆಲಸ. ಮನೆಗೆ ಬಂದರೆ ಒಲೆಯ ಮುಂದೆ ನಿಲ್ಲುವುದು. ಬಸ್ಸಿನಲ್ಲಿ ನಿಲ್ಲುವುದರ ಬಗ್ಗೆ ಹೇಳಬೇಕಾಗಿಲ್ಲ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂದು ನನ್ನ ಮಗಳು ಶಾಲೆಯಲ್ಲಿ ಕಲಿತು ಬಂದಾಗ, ಅದರಲ್ಲೇನು ವಿಶೇಷ ಎಂದು ನನಗೆ ಅರ್ಥವಾಗಲಿಲ್ಲ.

ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತೇವೆ. ಅವಳು ಅಲ್ಲಿಯವರೆಗೆ ಸಮುದ್ರವನ್ನು ಮುಟ್ಟಿರಲಿಲ್ಲ. ಲಾಂಚಿನಲ್ಲಿ ಹೋಗುವ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆಂದು ಎರಡು ಸಲ ಮಾತು ಕೊಟ್ಟಿದ್ದೆ. ಮೊದಲ ಸಲ ಊರಿಗೆಲ್ಲ ಜ್ವರ ಬಂತು. ಎರಡನೇ ಸಲ ನನ್ನ ಜೊತೆ ಕೆಲಸ ಮಾಡುವವಳಿಗೆ ಹೇಳಿದ ದಿನಕ್ಕಿಂತ ಹದಿನೈದು ದಿನ ಮೊದಲೇ ಹೆರಿಗೆಯಾಯಿತು. ಎರಡೂ ಸಲ ಯಜಮಾನರು, "ಅಮ್ಮ ಬರದಿದ್ರೆ ಏನಂತೆ, ನಾನು ಕರ್ಕೊಂಡು ಹೋಗ್ತೀನಿ ಬಾ" ಎಂದರು. ಗುಬ್ಬಿ ಒಪ್ಪಲಿಲ್ಲ.

"ನೀರಿಗೆ ಇಳಿಯೋದಾದ್ರೆ ಅಮ್ಮನ ಕೈ ಹಿಡ್ಕೊಂಡೇ. ಇಲ್ಲಾಂದ್ರೆ ಸಮುದ್ರನೇ ಬೇಡ" ಎಂದಳು. ಸಮುದ್ರಕ್ಕೆ ಆದ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರನೇ ಸಲ ಒಂದು ದಿನದ ರಜೆ ಸಿಕ್ಕಿತು. ಯಜಮಾನರು, ಗುಬ್ಬಿ, ನಮ್ಮ ಅತ್ತೆ, ಅತ್ತೆಯ ಕೆಂಪು ಛತ್ರಿ, ನಾನು. ಹೀಗೆ ಐದು ಜನ ಹನ್ನೊಂದು ಗಂಟೆಯ ಲಾಂಚಿನಲ್ಲಿ ದ್ವೀಪಕ್ಕೆ ಬಂದಿಳಿದೆವು. ವಾಪಸು ಹೋಗುವ ಕೊನೆಯ ಲಾಂಚು ಐದಕ್ಕೆ.

ದ್ವೀಪದ ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಕಂಬಿ ಹಾಕಿದ ಒಂದು ಕಟ್ಟೆ. ಅಲ್ಲಿ ನಿಂತರೆ ಮೂರು ಕಡೆ ಸಮುದ್ರ. ಕೆಳಗೆ ಚಾಕುವಿನಲ್ಲಿ ಕೊಯ್ದಂಥ ಬಂಡೆ, ಅದರ ಬುಡದಲ್ಲಿ ತೆಂಗಿನಮರಗಳು, ಅದರಾಚೆ ಬಿಳಿ ಮರಳಿನ ದಂಡೆ. ಎಲ್ಲರೂ "ಆಹಾ" ಎಂದರು. ನಾನೂ ಎಂದೆ, ಆದರೆ ನನ್ನ ಕಣ್ಣು ಮೆಟ್ಟಿಲಿನ ಮೇಲಿತ್ತು. ಕಟ್ಟೆಯಿಂದ ದಂಡೆಗೆ ಇಳಿಯಲು ಬಂಡೆಯಲ್ಲೇ ಕಡಿದ ಇನ್ನೂರ ಹದಿನಾಲ್ಕು ಮೆಟ್ಟಿಲು. ಅಗಲ ಒಬ್ಬರಿಗೆ ಸಾಕು, ಆ ಒಬ್ಬರು ಆಗಾಗ ಉಪವಾಸ ಮಾಡುವವರಾಗಿದ್ದರೆ. ಆ ಹೊತ್ತಿಗೆ ಇಳಿಯುವವರೂ ಹತ್ತುವವರೂ ಸರಿಯಾಗಿ ನಡುವಿನ ಮೆಟ್ಟಿಲಲ್ಲಿ ಹೊಟ್ಟೆಗೆ ಹೊಟ್ಟೆ ತಾಗಿಸಿ ನಿಂತು, "ನೀವು ಹಿಂದೆ ಹೋಗಿ", "ನೀವೇ ಹೋಗಿ" ಎಂದು ಕೂಗಾಡುತ್ತಿದ್ದರು.

"ಸ್ವಲ್ಪ ಕರಗಲಿ ತಾಳು" ಎಂದು ಗುಬ್ಬಿಗೆ ಹೇಳಿದೆ. ಆಗಲೇ ಅದು ಕಂಡದ್ದು.

ಮೆಟ್ಟಿಲಿನ ಬಾಯಲ್ಲಿ, ಬಾದಾಮಿ ಮರದ ನೆರಳಲ್ಲಿ, ಕೈಗಳಿರುವ ಒಂದು ಮರದ ಕುರ್ಚಿ. ಅದರ ಬೆನ್ನಿಗೆ ನೇತುಹಾಕಿದ ಒಂದು ಸೀಟಿ. ಯಾರೂ ಇಲ್ಲ. ಮೆಟ್ಟಿಲು ಕಾಯುವವನು ಊಟಕ್ಕೆ ಹೋಗಿದ್ದ ಎಂದು ಆಮೇಲೆ ತಿಳಿಯಿತು.

"ಐದೇ ನಿಮಿಷ" ಎಂದು ಕೂತೆ. ಎತ್ತರ ಸರಿಯಾಗಿತ್ತು. ಇಷ್ಟು ಸರಿಯಾದ ಕುರ್ಚಿ ನನಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಕಣ್ಣು ಮುಚ್ಚಿದೆ.

"ಮೇಡಂ, ಈಗ ಇಳೀಬಹುದಾ?" ತಲೆಗೆ ಟವೆಲು ಸುತ್ತಿದ ಒಬ್ಬರು ಕೇಳಿದರು.

ಕಣ್ಣು ತೆರೆಯದೆಯೇ ಹೇಳಿದೆ: "ಸಾಲಾಗಿ ಬನ್ನಿ."

ದೇವರಾಣೆಗೂ ಅದನ್ನು ನಾನು ಹೇಳಲಿಲ್ಲ. ಹದಿನಾಲ್ಕು ವರ್ಷದ ನಾಲಿಗೆ ಹೇಳಿತು. ಕಣ್ಣು ಬಿಟ್ಟು ನೋಡಿದರೆ ಟವೆಲಿನವರ ಹಿಂದೆ ಹನ್ನೊಂದು ಜನ ನಿಂತಿದ್ದರು. ಸಾಲಿನ ಗುಣವೇ ಹಾಗೆ: ಎದುರಿಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ಹಿಂದೆ ಎಷ್ಟು ಜನ ಇದ್ದಾರೆ ಎಂದಷ್ಟೇ ತಿರುಗಿ ನೋಡುತ್ತಾರೆ.

"ನಾನು ಮೊದಲು ಬಂದಿದ್ದು!"

"ನೀವಾ? ಆ ಕಂಬಿ ಹತ್ರ ಫೋಟೋ ತೆಗೆಸ್ಕೊಳ್ತಾ ಹಲ್ಲು ಕಿರೀತಿದ್ರಿ, ನಾನೇ ನೋಡಿದೀನಿ!"

ಜಗಳ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಕಾಗದ ಹುಡುಕುತ್ತದೆ. ಪಕ್ಕದಲ್ಲಿ ಗುಬ್ಬಿಯ ಚಿತ್ರದ ಪುಸ್ತಕವಿತ್ತು. ಸಮುದ್ರ ಬರೆಯಲು ತಂದದ್ದು. ಒಂದು ಹಾಳೆ ಹರಿದೆ. ಅದನ್ನು ಹನ್ನೆರಡು ಚೂರು ಮಾಡಿ ನಂಬರು ಬರೆದು ಹಂಚಿದೆ. ಜಗಳ ನಿಂತಿತು. ಚೀಟಿ ಕೈಗೆ ಬಂದರೆ ಮನುಷ್ಯನಿಗೆ ಒಂದು ಶಾಂತಿ ಬರುತ್ತದೆ; ಎಷ್ಟೋ ಜನಕ್ಕೆ ಡಾಕ್ಟರನ್ನು ನೋಡುವ ಮೊದಲೇ ಅರ್ಧ ಗುಣವಾಗುವುದು ಇದರಿಂದಲೇ.

"ಅಮ್ಮ, ಅದು ನನ್ನ ಪುಸ್ತಕ."

"ಒಂದೇ ಹಾಳೆ ಕಂದ. ಇವರು ಇಳಿದ ಕೂಡಲೇ ನಾವೇ."

ಆದರೆ ಇವರನ್ನು ಇಳಿಸುವುದು ಹೇಗೆ? ಕೆಳಗಿನವರು ಹತ್ತಿ ಮುಗಿಯಿತೋ ಇಲ್ಲವೋ ಮೆಟ್ಟಿಲಿನ ಬಾಯಲ್ಲಿ ನಿಂತವರಿಗೆ ಕಾಣುವುದಿಲ್ಲ. ನಡುವೆ ಬಂಡೆ ತಿರುಗುತ್ತದೆ. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಛತ್ರಿಯನ್ನು ಎದೆಗೆ ಅವಚಿಕೊಂಡರು.

"ನನ್ನ ಛತ್ರಿನಾ? ಕಂಡೋರ ಕೈಗೆ ಕೊಡ್ತೀಯೇನೆ?"

"ವಾಪಸು ಬರುತ್ತೆ ಅತ್ತೆ."

ಏರ್ಪಾಡು ಸರಳವಾಗಿತ್ತು. ಇಪ್ಪತ್ತು ಜನ ಇಳಿಯಬೇಕು. ಕಟ್ಟಕಡೆಯವರ ಕೈಯಲ್ಲಿ ಛತ್ರಿ. ಛತ್ರಿ ಕೆಳಗೆ ಮುಟ್ಟಿತು ಎಂದರೆ ಮೆಟ್ಟಿಲು ಖಾಲಿ ಎಂದರ್ಥ. ಆಗ ಕೆಳಗಿನ ಇಪ್ಪತ್ತು ಜನ ಹತ್ತಬೇಕು, ಅವರಲ್ಲಿ ಕಡೆಯವರ ಕೈಗೆ ಛತ್ರಿ. ಛತ್ರಿ ಮೇಲೆ ಬಂದ ಮೇಲೆ ಮುಂದಿನವರು. ಮಕ್ಕಳನ್ನು ಎತ್ತಿಕೊಂಡವರು, ವಯಸ್ಸಾದವರು ಮೊದಲು.

ಮೊದಲ ಇಪ್ಪತ್ತು ಇಳಿದರು. ಹೊಟ್ಟೆಗೆ ಹೊಟ್ಟೆ ತಾಗಲಿಲ್ಲ. ಹತ್ತು ನಿಮಿಷದಲ್ಲಿ ಕೆಳಗಿಂದ ಇಪ್ಪತ್ತು ತಲೆ, ಹಿಂದೆ ಕೆಂಪು ಛತ್ರಿ ಮೇಲೆ ಬಂದಾಗ ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸಾಲಿನಿಂದ ಬೆತ್ತ ಹಿಡಿದ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಹೊರಬಂದು, "ಮೂವತ್ತೈದು ವರ್ಷ ಮಕ್ಕಳಿಗೆ ಶಿಸ್ತು ಹೇಳಿಕೊಟ್ಟೆ. ಇವತ್ತು ಕಣ್ಣಲ್ಲಿ ನೋಡಿದೆ" ಎಂದು ಗದ್ಗದರಾದರು. ಅಷ್ಟಕ್ಕೇ ನಿಲ್ಲಲಿಲ್ಲ, ತಮ್ಮ ಚೀಟಿಯನ್ನು ಇನ್ನೊಬ್ಬರಿಗೆ ದಾನ ಮಾಡಿ, ಸಾಲಿನ ಉಸ್ತುವಾರಿ ತಾವೇ ವಹಿಸಿಕೊಂಡರು.

"ರೀ, ನಾನು ಎದ್ದೇಳ್ತೀನಿ" ಎಂದೆ ಯಜಮಾನರಿಗೆ.

ಎದ್ದೆ. ಎದ್ದ ಕೂಡಲೇ ಸಾಲು ಎರಡಾಯಿತು, ಎರಡು ನಾಲ್ಕಾಯಿತು, ಒಬ್ಬರ ಕಾಲಿನ ಮೇಲೆ ಇನ್ನೊಬ್ಬರು ನಿಂತರು, ಒಂದು ಮಗು ಚೀರಿತು. ಕೂತೆ. ಸಾಲು ಒಂದಾಯಿತು. ಮತ್ತೊಮ್ಮೆ ಪರೀಕ್ಷಿಸಲು ಅರ್ಧ ಎದ್ದೆ. ಹೆಡ್‌ಮಾಸ್ಟರು ಬೆತ್ತ ಎತ್ತಿ, "ಅಮ್ಮಾ, ದಯವಿಟ್ಟು ಕೂತ್ಕೊಳ್ಳಿ. ಇಷ್ಟು ಜನರ ಗತಿ ಏನು?" ಎಂದರು.

ಅತ್ತೆಯ ಸಂಗತಿ ಬೇರೆ. ಹನ್ನೊಂದು ವರ್ಷದಲ್ಲಿ ನನ್ನ ಸಾರಿಗೆ ಉಪ್ಪು ಸರಿಯಾಗಿದೆ ಎಂದು ಅವರು ಒಮ್ಮೆಯೂ ಹೇಳಿದವರಲ್ಲ. ಈಗ ಕುರ್ಚಿಯ ಪಕ್ಕದ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಬಂದವರಿಗೆಲ್ಲ, "ನನ್ನ ಸೊಸೆ. ಛತ್ರಿ ನಂದು" ಎಂದು ಪರಿಚಯ ಮಾಡಿಕೊಡತೊಡಗಿದರು. ಅರ್ಧ ಗಂಟೆಯೊಳಗೆ ನನ್ನ ಕಿವಿಯಲ್ಲಿ, "ಈ ಹಸಿರು ಸೀರೆಯವರನ್ನ ಸ್ವಲ್ಪ ಮುಂದೆ ಬಿಡು, ನಮಗೆ ಬೇಕಾದವರು" ಎಂದರು.

"ಎಷ್ಟು ದಿನದ ಪರಿಚಯ ಅತ್ತೆ?"

"ಈಗ ತಾನೇ. ಕಡಲೆಕಾಯಿ ಕೊಟ್ರು, ಪಾಪ."

ಒಂದೂವರೆಗೆ ಮೆಟ್ಟಿಲು ಕಾಯುವವನು ಊಟ ಮುಗಿಸಿ, ಹಲ್ಲಿನ ಸಂದಿ ಕೆದಕುತ್ತ ಬಂದ. ಖಾಕಿ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿತ್ತು. ಸಾಲನ್ನು ನೋಡಿದ. ನಿಂತ. ಕಡ್ಡಿ ಬಾಯಿಂದ ಬಿತ್ತು.

"ಹಿಂದೆ ಹೋಗಿ ಚೀಟಿ ತಗೊಳ್ಳಿ" ಎಂದರು ಹೆಡ್‌ಮಾಸ್ಟರು.

"ನಾನು... ಆ ಕುರ್ಚಿ..."

"ಎಲ್ಲರಿಗೂ ಕುರ್ಚಿ ಬೇಕು. ನಾನು ನಿಂತಿಲ್ಲವಾ?"

ಆತ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನನ್ನ ಹತ್ತಿರ ಬಂದು ಕೈಮುಗಿದ. ಐವತ್ತು ದಾಟಿದ ಮನುಷ್ಯ. "ಅಮ್ಮಾವ್ರೇ, ನನ್ನ ತೆಗೆದುಬಿಟ್ರಾ? ಊಟಕ್ಕೆ ಹೋಗಿದ್ದು ಅಷ್ಟೇ. ದಿನಾ ಇಷ್ಟು ಹೊತ್ತು ಮಾಡಲ್ಲ, ಬೇಕಾದ್ರೆ ನಮ್ಮ ಮನೆಯವಳನ್ನ ಕೇಳಿ."

"ಅಯ್ಯೋ, ನಿಮ್ಮ ಕುರ್ಚಿ ನೀವು ತಗೊಳ್ಳಿ ಅಣ್ಣಾ. ನಾನು ಸುಮ್ನೆ ಕೂತೆ" ಎಂದು ಎದ್ದೆ.

ಆತ ಕುರ್ಚಿಯನ್ನು ಹಾವು ನೋಡಿದಂತೆ ನೋಡಿ ಹಿಂದೆ ಸರಿದ. "ಗೊತ್ತಾಯ್ತು. ಕೂತ್ರೆ ಬರ್ಕೊಳ್ತೀರಿ. ಪರೀಕ್ಷೆ ಮಾಡ್ತಿದ್ದೀರಿ. ನಾನು ಕೂರಲ್ಲಮ್ಮಾ!" ಎಂದವನು ದಡಬಡ ಲಾಂಚು ಕಟ್ಟೆಯ ಆಫೀಸಿನತ್ತ ಓಡಿಯೇಬಿಟ್ಟ.

ಈ ನಡುವೆ ಗುಬ್ಬಿಯ ಪುಸ್ತಕದ ಆರನೇ ಹಾಳೆ ಹರಿದೆ. ಅವಳು ಕಂಬಿಯ ಹತ್ತಿರ ಹೋಗಿ, ಎರಡು ಸರಳಿನ ನಡುವೆ ಮುಖ ಇಟ್ಟು ಕೆಳಗೆ ನೋಡುತ್ತ ನಿಂತಳು. ಯಜಮಾನರು ಹೋಗಿ, "ನಾನು ಕರ್ಕೊಂಡು ಹೋಗ್ಲಾ?" ಎಂದು ಕೇಳಿ ಬಂದು, ನನ್ನ ಕಡೆ ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದರು.

ಎರಡೂವರೆಗೆ ಸೂಪರ್‌ವೈಸರು ಬಂದರು. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಎರಡು ಪೆನ್ನು, ಹಿಂದೆ ಕಾಯುವವನು. ಸೂಪರ್‌ವೈಸರು ಸಾಲನ್ನು ನೋಡಿದರು, ಚೀಟಿಗಳನ್ನು ನೋಡಿದರು, ಆ ಹೊತ್ತಿಗೆ ಸರಿಯಾಗಿ ಮೇಲೆ ಬಂದ ಛತ್ರಿಯನ್ನು ನೋಡಿದರು. ಇಂಥದೊಂದು ವ್ಯವಸ್ಥೆ ತಮ್ಮ ಕೈಕೆಳಗೆ ನಡೆಯುತ್ತಿದ್ದು ತಮಗೇ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಧಿಕಾರಿ ಇನ್ನೂ ಹುಟ್ಟಿಲ್ಲ.

"ಹೂಂ. ಆದೇಶ ಬಂದಿದೆ, ಗೊತ್ತು" ಎಂದರು. "ಯಾವತ್ತಿಂದ ಸೇರಿದ್ರಿ?"

"ಹನ್ನೆರಡೂವರೆಯಿಂದ ಸಾರ್."

"ಸಾರ್, ಇವಳು ನನ್ನ ಹೆಂಡತಿ" ಎಂದು ಯಜಮಾನರು ನಡುವೆ ಬಂದರು. "ನಾವೆಲ್ಲ ಒಟ್ಟಿಗೆ ಬಂದಿರೋದು. ಅಮ್ಮ, ಮಗಳು, ಎಲ್ಲಾ."

ಸೂಪರ್‌ವೈಸರ ಮುಖ ಗಂಭೀರವಾಯಿತು. "ಕುಟುಂಬ ಸಮೇತ ವರ್ಗ ಮಾಡಿದಾರಾ? ನೋಡಿ, ಇಲ್ಲಿ ಕ್ವಾರ್ಟರ್ಸ್ ಇಲ್ಲ. ಆಮೇಲೆ ನನ್ನ ಮೇಲೆ ದೂರು ಕೊಡಬೇಡಿ."

"ಕ್ವಾರ್ಟರ್ಸ್ ಯಾಕಿಲ್ಲ?" ಅತ್ತೆ ಕಲ್ಲಿನಿಂದಲೇ ಗುಡುಗಿದರು. "ಇಷ್ಟು ಕೆಲಸ ಮಾಡಿಸ್ಕೊಳ್ತೀರಿ!"

"ಅತ್ತೆ, ಸುಮ್ನಿರಿ. ಸಾರ್, ನಾನು ಮಗಳ ಜೊತೆ ಒಂದು ಗಳಿಗೆ ಕೆಳಗೆ..."

"ಡ್ಯೂಟಿ ಟೈಮಲ್ಲಾ?" ಪೆನ್ನು ಹೊರಗೆ ಬಂತು. "ಮೊದಲನೇ ದಿನವೇ ಹೀಗಾದ್ರೆ ಹೇಗಮ್ಮ? ಐದು ಗಂಟೆಗೆ ಲಾಂಚ್ ಹೊರಡೋವರೆಗೂ ಜಾಗ ಬಿಡೋ ಹಾಗಿಲ್ಲ."

ಇಲ್ಲಿ ನಾನು, "ಸ್ವಾಮೀ, ನಾನು ನಿಮ್ಮ ಕೆಲಸದವಳಲ್ಲ, ರಜೆ ಹಾಕಿ ಬಂದಿರುವ ಬಡಪಾಯಿ" ಎನ್ನಬೇಕಿತ್ತು. ಆದರೆ ಜೇಬಿನಲ್ಲಿ ಪೆನ್ನಿರುವವರು ಏನು ಹೇಳಿದರೂ ನನ್ನ ಬಾಯಿಂದ ಬರುವುದು ಒಂದೇ ಮಾತು.

"ಆಗ್ಲಿ ಸಾರ್" ಎಂದೆ.

ಸೂಪರ್‌ವೈಸರು ತೃಪ್ತರಾಗಿ ಹೋದರು. ಕಾಯುವವನು ನನಗೆ ನೀರು ತಂದುಕೊಟ್ಟು, ಬಾದಾಮಿ ಎಲೆಯಿಂದ ಗಾಳಿ ಹಾಕತೊಡಗಿದ. "ಹನ್ನೆರಡು ವರ್ಷ ಸೀಟಿ ಊದಿದೀನಿ, ಅಮ್ಮಾವ್ರೇ. ಒಂದು ನಾಯಿನೂ ತಿರುಗಿ ನೋಡಿಲ್ಲ" ಎಂದ. ಆತನ ಮುಖದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಬರೀ ಆಶ್ಚರ್ಯ. ಯಜಮಾನರು ಹಣೆ ಹಿಡಿದು ಅತ್ತೆಯ ಪಕ್ಕ ಕೂತರು.

ಮೂರೂವರೆಗೆ ಕೆಳಗೆ ಹೋದ ಛತ್ರಿ ಮೇಲೆ ಬರಲಿಲ್ಲ.

ಹತ್ತು ನಿಮಿಷ ಕಾದೆವು. ಹದಿನೈದು. ಮೆಟ್ಟಿಲ ಮೇಲೆ ಒಬ್ಬರೂ ಇಲ್ಲ. ಮೇಲಿನಿಂದ ಒಬ್ಬರೂ ಇಳಿಯುತ್ತಿಲ್ಲ, ಕೆಳಗಿನಿಂದ ಒಬ್ಬರೂ ಹತ್ತುತ್ತಿಲ್ಲ. ಕಂಬಿಯಿಂದ ಬಗ್ಗಿ ನೋಡಿದ ಯಜಮಾನರು ಕಾರಣ ಹೇಳಿದರು: "ಮರಳಲ್ಲಿ ಛತ್ರಿ ನೆಟ್ಟಿದೆ. ಕೆಳಗೆ ಯಾರೋ ಗಂಡ ಹೆಂಡತಿ ಕೂತಿದಾರೆ. ಹೊಸದಾಗಿ ಮದುವೆ ಆದೋರು ಅನ್ಸುತ್ತೆ."

"ಹೊಸಬರು ಅಂತ ಹೇಗೆ ಗೊತ್ತು?" ಎಂದರು ಅತ್ತೆ.

"ಮಾತಾಡ್ತಾ ಇದಾರೆ."

"ಮೆಟ್ಟಿಲು ಖಾಲಿ ಇದೆಯಲ್ಲ, ಹೋಗೋಣ ಬಿಡಿ" ಎಂದು ಸಾಲಿನಲ್ಲೊಬ್ಬರು ಕಾಲು ಮುಂದಿಟ್ಟರು. ಹೆಡ್‌ಮಾಸ್ಟರ ಬೆತ್ತ ಅಡ್ಡ ಬಂತು.

"ಛತ್ರಿ ಬಾರದೆ ಒಂದು ನೊಣ ಕೂಡ ಇಳಿಯಕೂಡದು!"

"ಖಾಲಿ ಇದೆ ಸಾರ್, ಕಂಬಿಯಿಂದ ಬಗ್ಗಿದ್ರೆ ಕಣ್ಣಿಗೆ ಕಾಣ್ತಿದೆ."

"ಕಣ್ಣು ಮೋಸ ಮಾಡುತ್ತದೆ. ಛತ್ರಿ ಮೋಸ ಮಾಡುವುದಿಲ್ಲ."

ಸಾಲು ತಲೆದೂಗಿತು. ಕೆಳಗೆ ಕೂಡ ಇಪ್ಪತ್ತು ಜನ ಛತ್ರಿ ಬರಲಿ ಎಂದು ಮೆಟ್ಟಿಲಿನ ಬುಡದಲ್ಲಿ ಸಾಲಾಗಿ ನಿಂತಿದ್ದು ಕಾಣುತ್ತಿತ್ತು. ಛತ್ರಿ ಅವರ ಬೆನ್ನ ಹಿಂದೆ ಮೂವತ್ತು ಮಾರು ದೂರದಲ್ಲಿತ್ತು. ಶಿಸ್ತು ಹೆಚ್ಚಾದರೆ ಮನುಷ್ಯ ಕತ್ತು ತಿರುಗಿಸುವುದನ್ನೂ ಬಿಟ್ಟುಬಿಡುತ್ತಾನೆ.

ನನಗೆ ತಲೆ ಓಡಲಿಲ್ಲ. ಓಡದಿದ್ದಾಗ ನಾನು ಮಾಡುವ ಕೆಲಸವನ್ನೇ ಮಾಡಿದೆ: ತಲೆ ತಗ್ಗಿಸಿ, ಚೀಟಿ ಬರೆಯುತ್ತ, "ಮುಂದಿನವರು" ಎಂದೆ.

ಒಂದು ಚೀಟಿ ನನ್ನ ಮುಂದೆ ಬಂತು. ನಂಬರು ನನ್ನ ಕೈಬರಹದ್ದಲ್ಲ. ಹೂವಿನ ಬಳ್ಳಿ ಸುತ್ತಿದ ನೂರ ನಲವತ್ತೊಂದು.

"ಎಷ್ಟು ಜನ?" ಎಂದೆ ತಲೆ ಎತ್ತದೆ.

"ಇಬ್ಬರು."

"ಜೊತೆಯವರು ಎಲ್ಲಿ?"

"ಕುರ್ಚಿ ಮೇಲೆ ಕೂತಿದಾರೆ."

ತಲೆ ಎತ್ತಿದೆ. ಗುಬ್ಬಿ. ಅವಳ ಕೈಯಲ್ಲಿ ಪುಸ್ತಕದ ರಟ್ಟು ಮಾತ್ರ ಉಳಿದಿತ್ತು. ಎಷ್ಟು ಹೊತ್ತಿನಿಂದ ಆ ಸಾಲಿನಲ್ಲಿ ನಿಂತಿದ್ದಳೋ, ಯಾರಿಗೂ ಹೇಳಿರಲಿಲ್ಲ. ಮಧ್ಯೆ ನುಗ್ಗಿಯೂ ಇರಲಿಲ್ಲ.

"ಅವರಿಗೆ ಐದರವರೆಗೆ ಡ್ಯೂಟಿಯಂತೆ" ಎಂದಳು. "ಲಾಂಚೂ ಐದಕ್ಕೇ ಅಂತೆ."

ಕಾಯುವವನ ಕೈಯಲ್ಲಿದ್ದ ಬಾದಾಮಿ ಎಲೆ ನಿಂತಿತು.

ಎದ್ದೆ. ಹೆಡ್‌ಮಾಸ್ಟರು ಬೆತ್ತ ಚಾಚಿ ಅಡ್ಡ ನಿಂತರು. "ಅಮ್ಮಾ, ನಿಯಮ ಮಾಡಿದವರೇ ಮುರಿದರೆ ಹೇಗೆ? ಛತ್ರಿ ಎಲ್ಲಿ?"

"ಅದನ್ನ ತರೋಕೇ ಹೋಗ್ತಿದೀನಿ ಸಾರ್."

ಹೆಡ್‌ಮಾಸ್ಟರು ಈ ಮಾತನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ತಪ್ಪು ಸಿಗಲಿಲ್ಲ. ಬೆತ್ತ ಮೇಲೆದ್ದಿತು. "ಛತ್ರಿ ತರುವವರಿಗೆ ದಾರಿ ಬಿಡಿ!"

ನಾನು ಗುಬ್ಬಿಯ ಕೈ ಹಿಡಿದೆ. ಹಿಂದೆ ಸಾಲು ಒಡೆಯುವ ಸದ್ದು ಕೇಳಿತು. ತಕ್ಷಣ ನಿಂತೂ ಹೋಯಿತು. ತಿರುಗಿ ನೋಡಿದರೆ ಅತ್ತೆ ಕುರ್ಚಿಯಲ್ಲಿ ಕೂತಿದ್ದರು. "ಸಾಲಾಗಿ ಬನ್ನಿ! ಹಸಿರು ಸೀರೆಯವರು ಮುಂದೆ ಬನ್ನಿ!" ಎನ್ನುತ್ತಿದ್ದರು.

ಇನ್ನೂರ ಹದಿನಾಲ್ಕು ಮೆಟ್ಟಿಲು, ನಾವಿಬ್ಬರೇ. ಹಿಂದೆ ದೂಡುವವರಿಲ್ಲ, ಎದುರಿಗೆ ಹೊಟ್ಟೆ ಇಲ್ಲ. ಒಂದೊಂದು ತಿರುವಿನಲ್ಲೂ ಗಾಳಿ ಬಂತು. ನನ್ನ ಮಂಡಿ ಪ್ರತಿ ಮೆಟ್ಟಿಲಿಗೂ ಏನೋ ಹೇಳುತ್ತಿತ್ತು; ಗುಬ್ಬಿ ಅದಕ್ಕಿಂತ ಜೋರಾಗಿ ಹೇಳುತ್ತಿದ್ದಳು. ಏಡಿ ಎಂದಳು, ತೂತಿರುವ ಬಂಡೆ ಎಂದಳು, ಅಮ್ಮ ಬೇಗ ಎಂದಳು.

ಬುಡದಲ್ಲಿ ನಿಂತಿದ್ದ ಇಪ್ಪತ್ತು ಜನ ಆತುರದಿಂದ ಕೇಳಿದರು: "ಮೇಡಂ, ಛತ್ರಿ ಬಂತಾ?"

"ಬರ್ತಾ ಇದೆ" ಎಂದೆ. ಅವರು ಮತ್ತೆ ಬಂಡೆಯ ಕಡೆ ಮುಖ ಮಾಡಿ ನಿಂತರು.

ಕೆಂಪು ಛತ್ರಿಯನ್ನು ದಾಟಿ, ಒದ್ದೆ ಮರಳನ್ನು ದಾಟಿ, ನೀರಿಗೆ ಹೋದೆವು. ಮೊದಲ ಅಲೆ ಬಂದು ಕಾಲು ಮುಟ್ಟಿದಾಗ ಗುಬ್ಬಿ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು, ಬಾಯಿ ತೆರೆದು ನಿಂತಳು. ಎರಡನೇ ಅಲೆಗೆ ನನ್ನ ಮಂಡಿ ರಾಜೀನಾಮೆ ಕೊಟ್ಟಿತು. ಸೀರೆಸಮೇತ ನೀರಿನಲ್ಲೇ ಕುಸಿದು ಕೂತೆ. ಗುಬ್ಬಿ ನನ್ನ ಮಡಿಲಿಗೆ ಬಂದು ಕೂತಳು.

ಮೇಲೆ ಬಂಡೆಯ ಅಂಚಿನಲ್ಲಿ ಕಂಬಿಯ ಉದ್ದಕ್ಕೂ ಸಾಲು ತಲೆಗಳು. ಒಂದು ಬೆತ್ತ ಗಾಳಿಯಲ್ಲಿ ಆಡುತ್ತಿತ್ತು. ಅಲೆಯ ಸದ್ದಿಗೆ ಏನೂ ಕೇಳಿಸಲಿಲ್ಲ.

ಛತ್ರಿಯ ಕೆಳಗಿನ ಹುಡುಗಿ ಎದ್ದು ಬಂದಳು. ಮುಖ ಪೆಚ್ಚಾಗಿತ್ತು. "ಅಕ್ಕಾ, ಮೇಲಿಂದ ಯಾರೋ ಕೈ ಮಾಡ್ತಿದಾರೆ. ಈ ಛತ್ರಿಗೇ ಇರಬೇಕು. ಇವರಿಗೆ ಯಾರೋ ಹಿಡ್ಕೋ ಅಂತ ಕೊಟ್ರಂತೆ, ಯಾಕೆ ಅಂತ ಇವರು ಕೇಳಲೇ ಇಲ್ಲ. ನಿಮ್ಮದಾ ಇದು?"

ಗುಬ್ಬಿ ಕತ್ತು ತಿರುಗಿಸಿ ನನ್ನ ಮುಖ ನೋಡಿದಳು. ಲಾಂಚಿಗೆ ಇನ್ನೂ ಒಂದು ಗಂಟೆ ಇತ್ತು.

"ನಮ್ಮದಲ್ಲಮ್ಮ" ಎಂದೆ. "ಹೋಗಿ ಕೂತ್ಕೊಳ್ಳಿ. ಕೇಳೋರು ಬಂದಾಗ ಕೊಟ್ಟರಾಯ್ತು."

ಹುಡುಗಿ ಹೋದಳು. ನಾನು ಗುಬ್ಬಿಯ ಕಿವಿಯಲ್ಲಿ ಹೇಳಿದೆ: "ಹತ್ತು ಅಲೆ. ಹತ್ತು ಆದ ಮೇಲೆ ಛತ್ರಿ ತಗೊಂಡು ಹತ್ತೋಣ. ಎಣಿಸೋದು ನೀನು."

ಗುಬ್ಬಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಅಲೆ ಬಂತು.

"ಒಂದು" ಎಂದಳು.

ಇನ್ನೊಂದು ಬಂತು.

"ಒಂದು" ಎಂದಳು.

ಅದರ ಹಿಂದೆ ಬಂದದ್ದು ದೊಡ್ಡದು. ಇಬ್ಬರ ಮುಖಕ್ಕೂ ನೀರು ಹೊಡೆಯಿತು. ಗುಬ್ಬಿ ಕಣ್ಣು ಒರೆಸಿಕೊಂಡು, ಉಪ್ಪು ಉಗಿದು, ತುಂಬ ಜವಾಬ್ದಾರಿಯಿಂದ ಹೇಳಿದಳು:

"ಒಂದು."